ತುಕ್ರಪ್ಪನ ಹಾಲುಬಾಯಿ ನೆಟ್‌ವರ್ಕು

ನರಿಕೊಂಬಿನ ತುಕ್ರಪ್ಪನಿಗೆ ಐವತ್ತಾರು ವರ್ಷ. ಅದರಲ್ಲಿ ಮೂವತ್ತು ವರ್ಷ ಅವನು ತಂತಿ ಎಳೆದಿದ್ದಾನೆ. ಮೊದಲು ಕೇಬಲ್ ಟಿವಿಯ ತಂತಿ, ಆಮೇಲೆ ಟೆಲಿಫೋನಿನ ತಂತಿ, ಈಗ ಇಂಟರ್‌ನೆಟ್ಟಿನ ತಂತಿ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ತಾನು ಎಳೆದದ್ದನ್ನೆಲ್ಲ ಗಂಟು ಹಾಕಿ ಒಂದೇ ಮಾಡಿದರೆ ಚಂದ್ರನಿಗೆ ಒಂದು ಸುತ್ತು ಬಂದು, ಮಿಕ್ಕಿದ್ದರಲ್ಲಿ ಸುಂದರಿಗೆ ಬಟ್ಟೆ ಒಣಗಿಸುವ ಹಗ್ಗವೂ ಆಗುತ್ತದೆ ಎಂಬುದು ಅವನದೇ ಲೆಕ್ಕ. ಸುಂದರಿ ಅವನ ಹೆಂಡತಿ. ಚಂದ್ರನ ವಿಷಯ ಗೊತ್ತಿಲ್ಲ, ಬಟ್ಟೆ ಒಣಗಿಸುವ ಹಗ್ಗ ಮಾತ್ರ ಹೌದು ಎನ್ನುತ್ತಾಳೆ.

ಒಮ್ಮೆ ನೇತ್ರಾವತಿಯ ಆಚೆ ದಡಕ್ಕೆ ಕೇಬಲ್ ದಾಟಿಸಬೇಕಾಗಿತ್ತಂತೆ. ದೋಣಿ ಸಿಗಲಿಲ್ಲ. ತುಕ್ರಪ್ಪ ಗಾಳದ ದಾರಕ್ಕೆ ಕೇಬಲ್ ಕಟ್ಟಿ ಬೀಸಿ ಒಗೆದ. ನಡುನೀರಿನಲ್ಲಿ ಒಂದು ಮೀನು ಗಾಳ ನುಂಗಿತು. ನುಂಗಿದ್ದೇ ನುಂಗಿದ್ದು, ಕೇಬಲನ್ನು ಪಾಣೆಮಂಗಳೂರಿನ ಸೇತುವೆಯ ತನಕ ಎಳೆದುಕೊಂಡು ಹೋಯಿತು. ಆ ದಿನ ಸೇತುವೆಯ ಬುಡದವರೆಲ್ಲ ಪುಕ್ಕಟೆಯಾಗಿ ಕ್ರಿಕೆಟ್ ನೋಡಿದರಂತೆ. ಮೀನು ಮೊದಲ ವರ್ಷ ಮೊಳದುದ್ದ ಇತ್ತು. ಈಗ ಆಳುದ್ದ ಆಗಿದೆ. ಸತ್ತ ಮೇಲೂ ಬೆಳೆಯುವ ಮೀನು ನೇತ್ರಾವತಿಯಲ್ಲಿ ಅದೊಂದೇ.

ಇರಲಿ, ಮೀನಿನಿಂದ ಬೀಗದಕೈಗೆ ಬರೋಣ. ತುಕ್ರಪ್ಪನ ಸೊಂಟದ ಉಡಿದಾರದಲ್ಲಿ ಒಂದು ಬೀಗದಕೈ ಯಾವಾಗಲೂ ನೇತಾಡುತ್ತಿರುತ್ತದೆ. ಮೆಲ್ಕಾರಿನ ಜಂಕ್ಷನ್ನಿನಲ್ಲಿ ನಿತ್ಯಾನಂದ ಶೆಟ್ಟರ ನಾಲ್ಕು ಮಾಳಿಗೆಯ ಕಟ್ಟಡವಿದೆಯಲ್ಲ, ಅದರ ಮೆಟ್ಟಿಲ ಕೆಳಗಿನ ನೆಟ್‌ವರ್ಕ್ ಪೆಟ್ಟಿಗೆಯ ಕೀ ಅದು. ಆ ಕೀ ಒಂದಿದ್ದರೆ ತುಕ್ರಪ್ಪ ಕಟ್ಟಡಕ್ಕೆ ‘ನಮ್ಮ ನೆಟ್ಟಿನವರು’. ಇಲ್ಲದಿದ್ದರೆ ಮೆಟ್ಟಿಲ ಕೆಳಗೆ ಕೂತ ಒಬ್ಬ ಮುದುಕ. ಮೀಯುವಾಗಲೂ ಅವನು ಅದನ್ನು ಬಿಚ್ಚುವುದಿಲ್ಲ. ಅದು ತುಕ್ಕು ಹಿಡಿದು, ಒರೆಸಿ, ಮತ್ತೆ ತುಕ್ಕು ಹಿಡಿದು ಈಗ ತಾಮ್ರದ್ದೋ ಕಬ್ಬಿಣದ್ದೋ ಎಂದು ಹೇಳಲಾಗದ ಬಣ್ಣಕ್ಕೆ ಬಂದಿದೆ.

ಕೆಲಸದಲ್ಲಿ ತುಕ್ರಪ್ಪ ಗಟ್ಟಿಗ. ಆದರೆ ಒಂದು ವಿಷಯ ಮಾತ್ರ ಅವನಿಗೆ ಎಂದೂ ತಿಳಿದಿರಲಿಲ್ಲ. ಯಾವ ಕಂಪ್ಯೂಟರಿಗೆ ನಂಬರು ಕೊಡಲು ಹೋದರೂ ಅದು ‘ಸಬ್‌ನೆಟ್ ಮಾಸ್ಕ್’ ಎಂದು ಒಂದು ಸಾಲು ಕೇಳುತ್ತದೆ. ತುಕ್ರಪ್ಪ ಕಣ್ಣು ಮುಚ್ಚಿ 255.255.255.0 ಎಂದು ಒತ್ತಿ ಮುಂದೆ ಹೋಗುತ್ತಿದ್ದ. ಅರ್ಥ? ಮಂತ್ರಕ್ಕೆ ಅರ್ಥ ಕೇಳಿದವರು ಯಾರಾದರೂ ಇದ್ದಾರೆಯೇ? ಭಟ್ಟರು ಹೇಳಿದರು, ನಾವು ನೀರು ಬಿಟ್ಟೆವು.

ಕಟ್ಟಡದಲ್ಲಿ ಬಿಡಾರದವರು ನಾಲ್ವರು. ಕೆಳಗೆ ನೆಲದ ಮಟ್ಟದಲ್ಲಿ ಶೆಟ್ಟರದೇ ಸೀರೆ ಅಂಗಡಿ. ಅದರ ಮೇಲೆ ಹಸ್ನಾ ಡಾಕ್ಟರ ಹಲ್ಲಿನ ಆಸ್ಪತ್ರೆ. ಅದರ ಪಕ್ಕ ಹಾಲಿನ ಸೊಸೈಟಿಯ ಕಚೇರಿ, ಅದಕ್ಕೆ ಕಾಂತಿ ಎಂಬ ಮ್ಯಾನೇಜರು. ಮೇಲಿನ ಎರಡು ಮಾಳಿಗೆ ಪೂರ್ತಿ ಅಶ್ವಿತ್ ಮಾಸ್ತರರ ಕೋಚಿಂಗ್ ಸೆಂಟರು. ಅಶ್ವಿತ್ ಶೆಟ್ಟರ ತಂಗಿಯ ಗಂಡ, ಅಂದರೆ ಭಾವ. ನಾಲ್ವರಿಗೂ ಇಂಟರ್‌ನೆಟ್ಟಿನ ಸಂಪರ್ಕ ಒಂದೇ, ನೆಟ್‌ವರ್ಕ್ ಒಂದೇ, ತುಕ್ರಪ್ಪನ ಮಂತ್ರವೂ ಒಂದೇ.

ಒಂದೇ ನೆಟ್‌ವರ್ಕ್ ಅಂದರೆ ಗೋಡೆಯಿಲ್ಲದ ಮನೆಯ ಹಾಗೆ. ಒಬ್ಬ ಕೆಮ್ಮಿದರೆ ಎಲ್ಲರಿಗೂ ಕೇಳುತ್ತದೆ. ಹಲ್ಲು ಕೀಳಿಸಿಕೊಂಡ ಒಬ್ಬ ಹೆಂಗಸಿಗೆ ಮದ್ದಿನ ಚೀಟಿಯ ಬದಲು ಭೌತಶಾಸ್ತ್ರದ ನಲವತ್ತು ಪ್ರಶ್ನೆ ಅಚ್ಚಾಗಿ ಬಂತು. ‘ಊಟದ ಮೊದಲಾ, ಊಟ ಆದ ಮೇಲಾ’ ಎಂದು ಆಕೆ ಕೇಳಿದಳಂತೆ. ಸೊಸೈಟಿಯ ಮಹಾಸಭೆಯ ನೋಟೀಸು ಸೀರೆ ಅಂಗಡಿಯ ಪ್ರಿಂಟರಿನಲ್ಲಿ ಬಂದು, ಮಡಚಿದ ಸೀರೆಗಳ ನಡುವೆ ಹೋಗಿ, ಮೂರು ಮದುವೆ ಮನೆ ಸೇರಿತು. ಕೊನೆಗೆ ಒಂದು ದಿನ ಸೀರೆ ಅಂಗಡಿಯ ದೊಡ್ಡ ಟಿವಿಯಲ್ಲಿ ಹೊಸ ಡಿಸೈನುಗಳು ಬರುತ್ತಿದ್ದಾಗ, ಮೇಲಿನ ಆಸ್ಪತ್ರೆಯಿಂದ ಯಾರೋ ತಪ್ಪು ಗುಂಡಿ ಒತ್ತಿ, ಒಂದು ದವಡೆಯ ಎಕ್ಸ್‌ರೇ ಗೋಡೆಯಗಲ ಮೂಡಿತು. ಮದುಮಗಳ ತಾಯಿ ಕನ್ನಡಕ ಏರಿಸಿ ನೋಡಿ, “ಈ ಅಂಚಿನದ್ದು ಬೇರೆ ಬಣ್ಣ ಉಂಟಾ?” ಎಂದು ಕೇಳಿದರು.

ಶೆಟ್ಟರು ತುಕ್ರಪ್ಪನನ್ನು ಕರೆಸಿದರು. ಬಹರೈನಿನಲ್ಲಿ ಇಪ್ಪತ್ತು ವರ್ಷ ಹೊಟೇಲು ನಡೆಸಿ ಬಂದವರು. ಸಿಟ್ಟು ಬಂದರೆ ಸ್ವರ ಮೆಲ್ಲಗಾಗುತ್ತದೆ.

“ತುಕ್ರಪ್ಪ, ನಾಲ್ಕು ಬಾಯಿಯ ಹೊಸ ರೂಟರ್ ತರಿಸಿದ್ದೇನೆ. ನಾಲ್ಕು ಜನಕ್ಕೆ ನಾಲ್ಕು ಪಾಲು ಮಾಡಿ ಕೊಡು. ಒಬ್ಬನದ್ದು ಇನ್ನೊಬ್ಬನಿಗೆ ಕಾಣಬಾರದು. ಶನಿವಾರ ಹತ್ತು ಗಂಟೆಗೆ ಭಾವನ ಅಲ್ಲಿ ನೂರ ಇಪ್ಪತ್ತು ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ. ಒಂದು ಕಂಪ್ಯೂಟರ್ ಸತ್ತರೂ ಆ ಕೀ ಮಂಗಳೂರಿನ ಕಂಪನಿಯವರ ಕೈಗೆ. ಆಯ್ತಾ?”

“ಆಯ್ತು ಶೆಟ್ರೇ. ಅದೆಂಥ ಮಹಾ?” ಎಂದ ತುಕ್ರಪ್ಪ. ಬಾಯಿಗೆ ಬಂದದ್ದು ಅದು. ಕೈ ಮಾತ್ರ ಉಡಿದಾರದ ಕೀಯನ್ನು ಮುಟ್ಟಿ ನೋಡಿಕೊಂಡಿತು.

ಆರು ವರ್ಷದ ಹಿಂದೆ ಮೂಡುಬಿದಿರೆಯಲ್ಲಿ ತಂತಿ ಎಳೆಯುವವರಿಗೆಲ್ಲ ಒಂದು ದಿನದ ತರಬೇತಿ ಆಗಿತ್ತು. ಮಧ್ಯಾಹ್ನ ಊಟಕ್ಕೆ ಕೋಳಿಸಾರು ಸುರಿದ ಕೋರಿರೊಟ್ಟಿ ಹಾಕಿದ್ದರು. ತುಕ್ರಪ್ಪ ಆ ದಿನ ಬರೆದುಕೊಂಡ ನೋಟ್‌ಬುಕ್ಕು ಹುಡುಕಿ ತೆಗೆದ. ಅದರಲ್ಲಿ ಹೀಗಿತ್ತು:

‘ಒಂದು ನೆಟ್‌ವರ್ಕಿಗೆ ನಂಬರು 256. ಸೊನ್ನೆಯಿಂದ 255. ಪಾಲು ಮಾಡುವುದು ಅರ್ಧ, ಅರ್ಧದ ಅರ್ಧ, ಹೀಗೆ. 128, 64, 32. ಪ್ರತಿ ಪಾಲಿನ ಮೊದಲ ನಂಬರು ಆ ಪಾಲಿನ ಹೆಸರು. ಕೊನೆ ನಂಬರು ಎಲ್ಲರನ್ನೂ ಒಟ್ಟಿಗೆ ಕೂಗಿ ಕರೆಯಲಿಕ್ಕೆ. ಎರಡೂ ಯಾರಿಗೂ ಕೊಡಬಾರದು. ಮಾಸ್ಕಿನ ಕೊನೆ ಅಂಕೆ = 256ರಲ್ಲಿ ಪಾಲಿನ ಗಾತ್ರ ಕಳೆದದ್ದು. ಮುಖ್ಯ ವಿಷಯ: ಪಾಲು ಶುರು ಆಗಬೇಕಾದ್ದು’

ಅಷ್ಟೇ. ಅಲ್ಲಿಂದ ಪೆನ್ನಿನ ಗೆರೆ ಒಂದು ಎರೆಹುಳದ ಹಾಗೆ ಹೊರಟು, ಪುಟದ ಕೆಳಗಿನ ತನಕ ಜಾರಿ, ಬೆಂಚಿನ ಮೇಲೆ ಇಳಿದು ಹೋಗಿತ್ತು. ಕೋರಿರೊಟ್ಟಿ ತನ್ನ ಕೆಲಸ ಮಾಡಿತ್ತು.

ಇದ್ದಷ್ಟರಲ್ಲಿ ತುಕ್ರಪ್ಪ ಲೆಕ್ಕ ಹಾಕಿದ. ಮಾಸ್ತರರಿಗೆ ನೂರ ಇಪ್ಪತ್ತು ಕಂಪ್ಯೂಟರು. ಆದ್ದರಿಂದ 128ರ ಪಾಲು. 256ರಲ್ಲಿ 128 ಹೋದರೆ 128, ಮಾಸ್ಕು 255.255.255.128. ಸೊಸೈಟಿಗೆ ನಲವತ್ತು, 64ರ ಪಾಲು, ಮಾಸ್ಕು 192. ಡಾಕ್ಟರಿಗೆ ಇಪ್ಪತ್ತು, ಶೆಟ್ಟರಿಗೆ ಇಪ್ಪತ್ತು, ಇಬ್ಬರಿಗೂ 32ರ ಪಾಲು, ಮಾಸ್ಕು 224. ಎಲ್ಲ ಕೂಡಿಸಿದರೆ ಸರಿಯಾಗಿ 256. ಅಬ್ಬಾ! ಇಷ್ಟು ವರ್ಷ ಜಪಿಸಿದ ಮಂತ್ರದ ಅರ್ಥ ಇಷ್ಟೇಯಾ ಎಂದು ಅವನಿಗೇ ನಗು ಬಂತು.

ಹಸ್ನಾ ಡಾಕ್ಟರಿಗೆ ಮೂವತ್ತೆರಡು ಎಂದು ತಿಳಿಸಲು ಹೋದಾಗ ಅವರು ಒಬ್ಬರ ಬಾಯಿಯಿಂದ ಕೈ ತೆಗೆದು ನಕ್ಕರು.

“ನನಗೆ ಮೂವತ್ತೆರಡಾ? ಭಾರಿ ಲಾಯ್ಕಾಯ್ತು ತುಕ್ರಪ್ಪಣ್ಣ. ಎಲ್ಲಾ ನಂಬರೂ ಕೆಲಸಕ್ಕೆ ಬರ್ತದಾ?”

“ಇಲ್ಲ ಡಾಕ್ಟ್ರೇ, ಈ ತುದಿಯದ್ದೊಂದು, ಆ ತುದಿಯದ್ದೊಂದು ಬರುವುದಿಲ್ಲ. ಮೂವತ್ತೇ.”

“ಗೊತ್ತಾಯ್ತು ಬಿಡಿ. ಬುದ್ಧಿಹಲ್ಲು! ಸಾಲಿನ ಕೊನೆಯಲ್ಲಿ ಇರ್ತದೆ, ಅಗಿಯಲಿಕ್ಕೆ ಬರುವುದಿಲ್ಲ.”

ಕುರ್ಚಿಯಲ್ಲಿ ಬಾಯಿ ತೆರೆದು ಕೂತವನು “ಆ… ಆ…” ಎಂದ. ಅವನ ಪಾಲೂ ಬಾಕಿ ಇತ್ತು.

ಲೆಕ್ಕ ಮುಗಿಯಿತು. ಉಳಿದದ್ದು ಸರದಿ. ಇಲ್ಲಿ ತುಕ್ರಪ್ಪ ಊರಿನವನಾದ. ಭೂತದ ನೇಮದಲ್ಲಿ ದೈವದ ಕೈಯಿಂದ ಪ್ರಸಾದವಾಗಿ ಗಂಧ-ಬೂಳ್ಯ ಪಡೆಯಲು ಮನೆಮನೆಗೂ ಒಂದು ಸರದಿ ಇರುತ್ತದೆ. ಮೊದಲನೆಯವರು ಯಾರು, ಎರಡನೆಯವರು ಯಾರು ಎಂಬುದು ಅಜ್ಜನ ಕಾಲದಿಂದ ನಿಶ್ಚಯ. ಒಂದು ಊರಿನಲ್ಲಿ ಎರಡನೆಯ ಮನೆಯನ್ನು ಮೂರನೆಯದಾಗಿ ಕರೆದದ್ದಕ್ಕೆ ಆ ಮನೆಯವರು ಹನ್ನೊಂದು ವರ್ಷ ಅಂಗಳಕ್ಕೆ ಕಾಲಿಡಲಿಲ್ಲವಂತೆ. ಅವರ ನಾಯಿಯೂ ಆ ದಾರಿಯಲ್ಲಿ ಹೋಗುತ್ತಿರಲಿಲ್ಲವಂತೆ. ಅಂಥ ನೆಲದಲ್ಲಿ ಹುಟ್ಟಿದ ತುಕ್ರಪ್ಪ ನಂಬರು ಹಂಚುವಾಗ ಮರ್ಯಾದೆ ಬಿಟ್ಟಾನೆಯೇ? ಮೊದಲು ಧಣಿಗಳು: ಶೆಟ್ಟರಿಗೆ ಸೊನ್ನೆಯಿಂದ 31. ಎರಡನೆಯದು ಭಾವನವರಿಗೆ: 32ರಿಂದ 159. ಆಮೇಲೆ ಸೊಸೈಟಿ: 160ರಿಂದ 223. ಕೊನೆಗೆ ಯಾವುದಕ್ಕೂ ತಕರಾರಿಲ್ಲದ ಡಾಕ್ಟರು: 224ರಿಂದ 255.

ಶುಕ್ರವಾರ ಮಧ್ಯಾಹ್ನ ರೂಟರಿಗೆ ಇದನ್ನೆಲ್ಲ ತುಂಬಿಸಿದಾಗ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬಂತು. ಕೆಂಪು ಅಕ್ಷರವೆಂದರೆ ತುಕ್ರಪ್ಪನಿಗೆ ಪಕ್ಕದ ಮನೆಯ ನಾಯಿ ಇದ್ದ ಹಾಗೆ: ಮುಖ ನೋಡದೆ ಹೋದರೆ ಕಚ್ಚುವುದಿಲ್ಲ. ‘ಓಕೆ’ ಒತ್ತಿದ.

ಕಚ್ಚಿತು. ಕೋಚಿಂಗ್ ಸೆಂಟರಿನಲ್ಲಿ ತೊಂಬತ್ತಮೂರು ಕಂಪ್ಯೂಟರುಗಳು ಚೆನ್ನಾಗಿ ನಡೆದವು. ಇಪ್ಪತ್ತೇಳು ಮಾತ್ರ ಕಣ್ಣೇ ಬಿಡಲಿಲ್ಲ. ತಂತಿ ಬದಲಿಸಿದ, ಆಫ್ ಮಾಡಿ ಆನ್ ಮಾಡಿದ, ಒಂದಕ್ಕೆ ಬೆನ್ನು ತಟ್ಟಿಯೂ ನೋಡಿದ. ಅಷ್ಟರಲ್ಲಿ ಸೊಸೈಟಿಯಿಂದ ಕಾಂತಿ ಬಂದು ನಿಂತರು.

“ತುಕ್ರಪ್ಪಣ್ಣ, ನಮ್ಮದು ಹನ್ನೊಂದು ಸತ್ತು ಹೋಗಿದೆ. ಬೆಳಿಗ್ಗೆ ಎಲ್ಲ ಚಂದ ಇತ್ತು. ನೀವು ಸರಿ ಮಾಡಿದ ಮೇಲೆ ಹೀಗೆ.”

ಅವರ ಹಿಂದೆ ಅಶ್ವಿತ್ ಮಾಸ್ತರು, ಅವರ ಹಿಂದೆ ಶೆಟ್ಟರು. ಶೆಟ್ಟರ ಸ್ವರ ಎಷ್ಟು ಮೆಲ್ಲಗಾಗಿತ್ತೆಂದರೆ ತುಟಿ ನೋಡಿ ತಿಳಿದುಕೊಳ್ಳಬೇಕಿತ್ತು.

“ಕೀ ಕೊಡು.”

“ಶೆಟ್ರೇ, ನಾಳೆ ಬೆಳಿಗ್ಗೆಯವರೆಗೆ…”

“ನಾಳೆ ಒಂಬತ್ತಕ್ಕೆ ಬಾ. ಒಂದು ಸಲ ಕೊಡ್ತೇನೆ. ಹತ್ತು ಗಂಟೆಗೆ ಮಕ್ಕಳು ಕೂತುಕೊಳ್ಳುವಾಗ ಒಂದು ಪೆಟ್ಟಿಗೆ ಸತ್ತಿದ್ರೂ ಮತ್ತೆ ಈ ಕೀ ನಿನಗಲ್ಲ.”

ತುಕ್ರಪ್ಪ ಉಡಿದಾರ ಬಿಚ್ಚಿ ಕೀ ಕೊಟ್ಟ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಎರಡು ಸಲ ಸೊಂಟ ಮುಟ್ಟಿ ನೋಡಿಕೊಂಡ. ಪ್ಯಾಂಟು ಜಾರುತ್ತಿದೆ ಅನಿಸಿತು. ಕೀಯ ಭಾರಕ್ಕೇ ಅದು ನಿಂತಿತ್ತೇನೋ.

ಸಂಜೆ ಐದು ಗಂಟೆ. ಮನೆಯಲ್ಲಿ ಸುಂದರಿ ಹಾಲುಬಾಯಿ ಕೊಯ್ಯಲು ಕೂತಿದ್ದಳು. ನೆಂಟರಲ್ಲಿ ಒಂದು ಸೀಮಂತ. ಇನ್ನೂರೈವತ್ತು ತುಂಡು ಬೇಕು ಎಂದಿದ್ದರು. ಅಕ್ಕಿ, ಬೆಲ್ಲ, ತೆಂಗಿನ ಹಾಲು ಕಾಯಿಸಿ ಹರಡಿದ ದೊಡ್ಡ ಚೌಕದ ತಟ್ಟೆ, ಆರಿ ಗಟ್ಟಿಯಾಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸುಂದರಿ ಸ್ಕೇಲು ಹಿಡಿಯುವವಳಲ್ಲ. ಮೊದಲು ನಡುವೆ ಒಂದು ಗೆರೆ. ಆಮೇಲೆ ಅರ್ಧದ ನಡುವೆ ಒಂದು. ಹಾಗೆ ಅರ್ಧ ಮಾಡುತ್ತಲೇ ಹೋಗಿ ಒಂದೇ ಅಳತೆಯ 256 ತುಂಡು ಮಾಡುತ್ತಾಳೆ. ತುಂಡು ತುಂಡಿಗೆ ಒಂದು ಗುಂಜಿಯ ವ್ಯತ್ಯಾಸವನ್ನೂ ಚಿನಿವಾರ ಕಂಡುಹಿಡಿಯಲಾರ ಎಂಬುದು ಊರಿನ ಮಾತು. ಅವಳು ಈಗ ನಡುಗೆರೆ ಎಳೆದಿದ್ದಳಷ್ಟೇ.

ತಟ್ಟೆಗೂ 256 ತುಂಡು ಎಂಬುದು ಹೊಳೆದು ತುಕ್ರಪ್ಪ ಅವಳೆದುರು ಕುಕ್ಕರುಗಾಲಿನಲ್ಲಿ ಕೂತ.

“ಸುಂದರೀ, ಹೀಗೊಂದು ಕೊಯ್ದು ತೋರಿಸು. ಈ ಅಂಚಿನಿಂದ ಮೂವತ್ತೆರಡು ತುಂಡಿನಷ್ಟು ತೆಗಿ. ಅದಕ್ಕೆ ತಾಗಿಕೊಂಡು ಅರ್ಧ ತಟ್ಟೆ, ಒಂದೇ ತುಂಡಾಗಿ ಕೊಡು.”

“ನಿಮಗೆ ತಲೆ ಸರಿ ಉಂಟಾ? ಹೇಗೆ ಬರ್ತದೆ?”

“ಯಾಕೆ ಬರುವುದಿಲ್ಲ? ಜಾಗ ಉಂಟಲ್ಲ.”

“ಜಾಗ ಉಂಟು, ನಡುವೆ ಗೆರೆ ಉಂಟಲ್ಲ! ನೋಡಿ ಇಲ್ಲಿ. ಅರ್ಧ ತಟ್ಟೆ ಅಂದ್ರೆ ಗೆರೆಯ ಈಚೆದ್ದು, ಇಲ್ಲದ್ರೆ ಆಚೆದ್ದು. ನೀವು ಕೇಳುವುದು ಈಚೆದು ಮುಕ್ಕಾಲು, ಆಚೆದು ಕಾಲು. ಎತ್ತಿದ್ರೆ ಗೆರೆಯಲ್ಲಿ ತುಂಡಾಗ್ತದೆ. ಈಚೆದು ನಿಮ್ಮ ಕೈಯಲ್ಲಿ ಬರ್ತದೆ, ಆಚೆದು ತಟ್ಟೆಯಲ್ಲೇ ಸಾಯ್ತದೆ.”

ತುಕ್ರಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಆಚೆಯದು ತಟ್ಟೆಯಲ್ಲೇ ಸಾಯುತ್ತದೆ! ಸತ್ತ ಇಪ್ಪತ್ತೇಳರ ನಂಬರು ಅವನಿಗೆ ಬಾಯಿಪಾಠ: 127ರಿಂದ 153. ಗೆರೆ ಇದ್ದದ್ದು 127 ಮತ್ತು 128ರ ನಡುವೆ. ಮಾಸ್ಕ್ ಅಂದರೆ ಹೊಸ್ತಿಲಲ್ಲಿ ಕೂತ ಅಜ್ಜಿಯ ಹಾಗೆ. ಯಾರು ಮನೆಯವರು, ಯಾರು ಹೊರಗಿನವರು ಎಂದು ಹೇಳುವುದು ಅವಳ ಕೆಲಸ. 128ರ ಅಜ್ಜಿಗೆ ಗೊತ್ತಿರುವುದು ಎರಡೇ ಮನೆ: ಸೊನ್ನೆಯಿಂದ 127, 128ರಿಂದ 255. ತುಕ್ರಪ್ಪ ಮಾಸ್ತರರ ಬಾಗಿಲನ್ನು, ಅಂದರೆ ಹೊರಗೆ ಹೋಗುವ ರೂಟರಿನ ನಂಬರನ್ನು, 33ರಲ್ಲಿಟ್ಟ, ಇಪ್ಪತ್ತಾರು ಜನರನ್ನು ಗೆರೆಯ ಆಚೆ ಕೂರಿಸಿದ. ಬಾಗಿಲು ಬೇರೆಯವರ ಮನೆಯದ್ದು ಎಂದು ಅವರು ಹೊರಗೇ ಬರಲಿಲ್ಲ. ಗೆರೆಗೆ ತಾಗಿ ಕೂತ 127, ಆ ಮನೆಯ ಕೂಗುವ ನಂಬರು. ಅದನ್ನು ಯಾರಿಗೂ ಕೊಡಬಾರದಿತ್ತು. ಸೊಸೈಟಿಯ ಹನ್ನೊಂದರ ಕಥೆಯೂ ಇದೇ, 192ರ ಗೆರೆಯಲ್ಲಿ. ನೋಟ್‌ಬುಕ್ಕಿನಲ್ಲಿ ಎರೆಹುಳವಾಗಿ ಹೋದ ವಾಕ್ಯ ಹಾಲುಬಾಯಿಯಲ್ಲಿ ಎದ್ದು ಕೂತಿತು: ಪಾಲು ಶುರುವಾಗಬೇಕಾದ್ದು ಅದರದೇ ಗೆರೆಯಲ್ಲಿ.

“ಹಾಗಾದ್ರೆ ಮೂವತ್ತೆರಡರದ್ದು ಮೊದಲು ಬೇಕು, ಅರ್ಧ ತಟ್ಟೆಯೂ ಬೇಕು ಅಂದ್ರೆ?”

“ಸಣ್ಣವರೆಲ್ಲ ಒಂದು ಅರ್ಧದಲ್ಲಿ ಕೂತ್ಕೊಳ್ಳಲಿ. ಮೂವತ್ತೆರಡು, ಇನ್ನೊಂದು ಮೂವತ್ತೆರಡು, ಅರವತ್ತನಾಲ್ಕು. ದೊಡ್ಡವರಿಗೆ ಆಚೆದು ಪೂರ್ತಿ. ಇದೆಂಥ ಕೇಳುವುದು, ಮಕ್ಕಳಿಗೆ ಗೊತ್ತುಂಟು.” ಅಂದವಳು ಅವನ ಮುಖ ನೋಡಿ, “ನಿಮ್ಮ ಕೀ ಎಲ್ಲಿ?” ಎಂದಳು.

ತುಕ್ರಪ್ಪ ಹೇಳಿದ. ಸುಂದರಿ ಕತ್ತಿ ಕೆಳಗಿಟ್ಟು ಎದ್ದಳು. ಒಲೆಯ ಮೇಲೆ ಇನ್ನೊಂದು ಸಣ್ಣ ತಟ್ಟೆಗಾಗುವಷ್ಟು ಬೆಲ್ಲ ಕರಗಲು ಇಟ್ಟಳು.

ಶನಿವಾರ ಒಂಬತ್ತು ಗಂಟೆ. ಮೆಟ್ಟಿಲ ಕೆಳಗೆ ಶೆಟ್ಟರು, ಭಾವ, ಕಾಂತಿ, ಡಾಕ್ಟರು. ತುಕ್ರಪ್ಪನ ಕೈಯಲ್ಲಿ ಹಾಲುಬಾಯಿಯ ತಟ್ಟೆ. ಕೀ ಶೆಟ್ಟರ ಜೇಬಿನಲ್ಲಿ.

“ಮೊದಲು ಸರದಿ ಹೇಳು. ಆಮೇಲೆ ಕೀ,” ಎಂದರು ಶೆಟ್ಟರು.

“ಮೊದಲು ನೀವು. ಎರಡನೆಯದು ಡಾಕ್ಟ್ರು. ಮೂರನೆಯದು ಕಾಂತಿಯಕ್ಕ. ಕೊನೆಗೆ ಮಾಸ್ಟ್ರು.”

ಅಶ್ವಿತ್ ಮಾಸ್ತರರ ಮೀಸೆ ನಿಂತಿತು. “ಕೊನೆಗೆ ನಾನಾ? ಈ ಮನೆಯ ಅಳಿಯ ನಾನು. ಹಾಲಿನ ಸೊಸೈಟಿಯ ಹಿಂದೆ ನಿಲ್ಲಬೇಕಾ?”

“ಹಾಲು ಇಲ್ಲದೆ ನಿಮ್ಮ ಚಾ ಹೇಗೆ ಆಗ್ತದೆ ಮಾಸ್ಟ್ರೇ?” ಎಂದರು ಕಾಂತಿ.

“ನೀವು ಸುಮ್ಮನಿರಿ. ಭಾವ, ಇದು ಸರಿಯಾ?”

ಒಂಬತ್ತು ಇಪ್ಪತ್ತು. ಮೇಲೆ ಮಕ್ಕಳು ಚಪ್ಪಲಿ ಬಿಡುವ ಸದ್ದು. ತುಕ್ರಪ್ಪ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ನಡುವೆ ಗೆರೆ ಎಳೆದ. ಒಂದು ಅರ್ಧವನ್ನು ಮತ್ತೆ ಎರಡು ಮಾಡಿದ, ಅದರಲ್ಲೊಂದನ್ನು ಮತ್ತೆ ಎರಡು.

“ಮಾಸ್ಟ್ರೇ, ನೀವು ಮೊದಲು ನಿಂತರೆ ನಿಮ್ಮ ಮರ್ಯಾದೆ ದೊಡ್ಡದು. ಕೊನೆಗೆ ನಿಂತರೆ ನಿಮ್ಮ ತುಂಡು ದೊಡ್ಡದು. ಇದು ಶೆಟ್ರದ್ದು. ಇದು ಡಾಕ್ಟ್ರದ್ದು. ಇದು ಸೊಸೈಟಿದು. ಇಗೊಳ್ಳಿ, ಇಷ್ಟೂ ನಿಮ್ಮದು. ಎರಡನೆಯದಾಗಿ ನಿಂತು ನಿನ್ನೆ ಏನಾಯ್ತು, ನೋಡಿದ್ದೀರಲ್ಲ? ಇಪ್ಪತ್ತೇಳು ಸತ್ತದ್ದು.”

ಮಾಸ್ತರು ಅರ್ಧ ತಟ್ಟೆಯನ್ನು ನೋಡಿದರು. ಭಾವನ ಮೂಲೆಯ ತುಂಡನ್ನು ನೋಡಿದರು. ಮೀಸೆ ಮೆಲ್ಲಗೆ ಮಲಗಿತು. “ಮಕ್ಕಳ ಭವಿಷ್ಯದ ಪ್ರಶ್ನೆ. ನಾನು ತ್ಯಾಗ ಮಾಡ್ತೇನೆ.”

ಈಗ ಶೆಟ್ಟರ ಸ್ವರ ಮೆಲ್ಲಗಾಯಿತು. “ತುಕ್ರಪ್ಪ, ಕಟ್ಟಡ ಯಾರದ್ದು?”

“ನಿಮ್ಮದು.”

“ಭಾವನಿಗೆ ಅಷ್ಟು ದೊಡ್ಡದು, ನನಗೆ ಒಂದು ತುಣುಕಾ?”

ಒಂಬತ್ತು ಮೂವತ್ತೈದು. ತುಕ್ರಪ್ಪನ ಕಣ್ಣು ಶೆಟ್ಟರ ಜೇಬಿನಲ್ಲೇ ನೆಟ್ಟಿತ್ತು. “ಶೆಟ್ರೇ, ಗಾತ್ರ ಅಲ್ಲಿರಲಿ. ಸೊನ್ನೆ ಯಾರಲ್ಲಿ ಉಂಟು ನೋಡಿ. ಇನ್ನೂರೈವತ್ತಾರು ನಂಬರಿನಲ್ಲಿ ಎಲ್ಲಕ್ಕಿಂತ ಮೊದಲಿನದ್ದು ಅದು. ನಿಮ್ಮ ಪಾಲಿನ ಹೆಸರೇ ಅದು.”

“ಹೌದಾ?” ಶೆಟ್ಟರ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು. “ಹಾಗಾದ್ರೆ ಆ ಸೊನ್ನೆ ನನ್ನ ಕ್ಯಾಬಿನ್ನಿನ ಕಂಪ್ಯೂಟರಿಗೆ ಹಾಕು.”

“ಅಯ್ಯೋ ಶೆಟ್ರೇ! ನಿಮ್ಮ ಹಿರಿಯರ ಗುತ್ತಿನ ಮನೆಗೆ ಹೆಸರು ಉಂಟಲ್ಲ. ಆ ಹೆಸರನ್ನು ಒಬ್ಬರೇ ಹೊದ್ದುಕೊಂಡು ಮಲಗ್ತಾರಾ? ಅದು ಗೇಟಿನ ಮೇಲೆ ಬರೆಯುವುದು. ಮನೆಯಲ್ಲಿದ್ದ ಎಲ್ಲರದ್ದೂ ಅದು, ಯಾರೊಬ್ಬರದ್ದೂ ಅಲ್ಲ.”

ಶೆಟ್ಟರು ಯೋಚಿಸಿದರು. ಹಸ್ನಾ ಡಾಕ್ಟರು ಗಡಿಯಾರ ನೋಡಿ, “ಶೆಟ್ರೇ, ಹಲ್ಲು ಕೀಳುವುದು ಇದಕ್ಕಿಂತ ಬೇಗ ಆಗ್ತದೆ,” ಎಂದರು.

ಕೀ ಹೊರಗೆ ಬಂತು.

ತುಕ್ರಪ್ಪ ಪೆಟ್ಟಿಗೆ ತೆರೆದು ಒತ್ತತೊಡಗಿದ. ಸೊನ್ನೆಯಿಂದ 31, ಮಾಸ್ಕು 224. 32ರಿಂದ 63, ಮಾಸ್ಕು 224. 64ರಿಂದ 127, ಮಾಸ್ಕು 192. 128ರಿಂದ 255, ಮಾಸ್ಕು 128. ಕೆಂಪು ಅಕ್ಷರ ಬರುತ್ತದೋ ಎಂದು ಈ ಸಲ ಕಣ್ಣು ಬಿಟ್ಟು ನೋಡಿದ. ಬರಲಿಲ್ಲ. ನಾಯಿಗೆ ನಿದ್ದೆ. ಕಂಪ್ಯೂಟರುಗಳು ತಮ್ಮ ಹೊಸ ನಂಬರನ್ನು ರೂಟರಿನಿಂದ ತಾವೇ ಕೇಳಿ ಪಡೆಯುವಂತೆ ಮಾಡಿ ಮೆಟ್ಟಿಲು ಹತ್ತಿದ. ಐವತ್ತಾರರ ಕಾಲು ಮೂರು ಮಾಳಿಗೆಯನ್ನು ಎಂಟೇ ಹೆಜ್ಜೆಯಲ್ಲಿ ಹತ್ತಿತು ಎಂದು ಆಮೇಲೆ ಹೇಳಿದ್ದನ್ನು ನಂಬಬೇಕಾಗಿಲ್ಲ.

ಹತ್ತಕ್ಕೆ ಎರಡು ನಿಮಿಷ ಇರುವಾಗ ನೂರ ಹತ್ತೊಂಬತ್ತು ಪರದೆಗಳು ಬೆಳಗಿದ್ದವು. ಕೊನೆಯ ಸಾಲಿನಲ್ಲಿ ಒಂದು ಕಪ್ಪು. ತುಕ್ರಪ್ಪ ಅತ್ತ ಓಡಿದ. ಅದರೆದುರು ಕೂತ ಹುಡುಗಿ ಬಗ್ಗಿ ಕೆಳಗಿನ ಸ್ವಿಚ್ಚು ಹಾಕಿದಳು. ನೂರ ಇಪ್ಪತ್ತು.

ಪರೀಕ್ಷೆ ಮುಗಿಯುವ ತನಕ ಸೀರೆ ಅಂಗಡಿಯ ಟಿವಿಯಲ್ಲಿ ಸೀರೆಯೇ ಬಂತು. ಹಲ್ಲಿನವರಿಗೆ ಮದ್ದಿನ ಚೀಟಿಯೇ ಸಿಕ್ಕಿತು. ಒಂದು ಗಂಟೆಗೆ ತುಕ್ರಪ್ಪ ಪೆಟ್ಟಿಗೆಗೆ ಬೀಗ ಹಾಕಿ ನಿಂತಾಗ ಶೆಟ್ಟರು ಬಂದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ನಿನ್ನೆಯ ಹಾಗೆಯೇ ಕೈ ಚಾಚಿದರು.

ತುಕ್ರಪ್ಪ ಆ ಕೈಯನ್ನು ನೋಡಿದ. ತಟ್ಟೆಯ ಮೂಲೆಯಿಂದ ಮೊದಲ ತುಂಡು ಕಿತ್ತು ಅದರಲ್ಲಿಟ್ಟ.

“ಸೊನ್ನೆ ನಂಬರಿನದ್ದು, ಶೆಟ್ರೇ. ಇದನ್ನು ಮಾತ್ರ ಒಬ್ಬರೇ ತಿನ್ನಬಹುದು.”

ಶೆಟ್ಟರು ಬಾಯಿಗೆ ಹಾಕಿಕೊಂಡರು. ಸುಂದರಿಯ ಹಾಲುಬಾಯಿ ಮೇಲಿನ ಅಂಗುಳಕ್ಕೆ ಹಿಡಿದರೆ ಹತ್ತು ನಿಮಿಷ ಬಿಡುವುದಿಲ್ಲ. ಅವರು “ಮ್… ಮ್…” ಎಂದು ಏನೋ ಕೇಳುತ್ತಿದ್ದ ಹಾಗೆಯೇ ತುಕ್ರಪ್ಪ ಕೀಯನ್ನು ಉಡಿದಾರಕ್ಕೆ ಎರಡು ಗಂಟು ಹಾಕಿ ಬಿಗಿದು, ನರಿಕೊಂಬಿನ ಬಸ್ಸು ಹತ್ತಿದ.